ಫೈಬರ್ ಹಾಕಿದರೆ ಕಂಬಿ ಕಡಿಮೆ ಮಾಡಬಹುದಾ?

ಪ್ರಶ್ನೆ: ಮನೆಯ ತಾರಸಿಗೆ ಕಾಂಕ್ರೀಟ್ ಹಾಕಿಸುತ್ತಿದ್ದೇವೆ. ಕಲಸುವಾಗಲೇ ಪ್ಲಾಸ್ಟಿಕ್ ಫೈಬರ್ ಸೇರಿಸಿದರೆ ಬಿರುಕು ಬಿಡುವುದಿಲ್ಲ, ಕಂಬಿಯನ್ನೂ ಸ್ವಲ್ಪ ಕಡಿಮೆ ಮಾಡಬಹುದು ಅಂತ ಮೇಸ್ತ್ರಿ ಹೇಳುತ್ತಾರೆ. ನಂಬಬಹುದಾ?

ಉತ್ತರ: ಮೊದಲ ಮಾತು ಅರ್ಧ ನಿಜ. ಎರಡನೆಯದಕ್ಕೆ ಖಂಡಿತ ಒಪ್ಪಬೇಡಿ.

ಅವರು ಹೇಳುತ್ತಿರುವುದು ಬಹುಶಃ ಪಾಲಿಪ್ರೊಪಿಲೀನ್ ಎಳೆಗಳ ಬಗ್ಗೆ. ಕೂದಲಿಗಿಂತ ತೆಳು, ಉದ್ದ ಸುಮಾರು 12 ಮಿ.ಮೀ. ಒಂದು ಘನ ಮೀಟರ್ ಕಾಂಕ್ರೀಟಿಗೆ 600ರಿಂದ 900 ಗ್ರಾಂ ಹಾಕುತ್ತಾರೆ. ಇಷ್ಟೇನಾ ಅನ್ನಿಸಬಹುದು, ಆದರೆ ಅಷ್ಟರಲ್ಲೇ ಕೋಟಿಗಟ್ಟಲೆ ಎಳೆಗಳಿರುತ್ತವೆ. ಇವುಗಳ ಕೆಲಸ ಕಾಂಕ್ರೀಟ್ ಹಾಕಿದ ಮೊದಲ ಕೆಲವು ಗಂಟೆಗಳದ್ದು. ಬಿಸಿಲು, ಗಾಳಿಗೆ ಮೇಲಿನ ನೀರು ಬೇಗ ಆರುತ್ತದೆ, ಮೇಲ್ಪದರ ಕುಗ್ಗುತ್ತದೆ. ಆಗಿನ್ನೂ ಕಾಂಕ್ರೀಟಿಗೆ ತಡೆದುಕೊಳ್ಳುವ ಶಕ್ತಿ ಬಂದಿರುವುದಿಲ್ಲ. ಆ ಹೊತ್ತಿನ ಸಣ್ಣ ಬಿರುಕುಗಳನ್ನು ಎಳೆಗಳು ಹಿಡಿದಿಡುತ್ತವೆ. ಗಟ್ಟಿಯಾದ ಮೇಲೆ ಬರುವ ಬಿರುಕಿಗೆ ಇವು ಹೆಚ್ಚೇನೂ ಮಾಡಲಾರವು. (ಬೆಂಕಿ ಬಿದ್ದಾಗ ಮಾತ್ರ ಇನ್ನೊಂದು ಉಪಯೋಗವಿದೆ. ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಎಳೆ ಕರಗುತ್ತದೆ, ಒಳಗಿನ ಹಬೆ ಹೊರಹೋಗಲು ದಾರಿಯಾಗುತ್ತದೆ, ಕಾಂಕ್ರೀಟ್ ಸಿಡಿಯುವುದು ಕಡಿಮೆಯಾಗುತ್ತದೆ. ಸುರಂಗಗಳಲ್ಲಿ ಬಳಸುವುದು ಇದಕ್ಕೇ.)

ಇನ್ನು ಕಂಬಿ. ತಾರಸಿ ಭಾರಕ್ಕೆ ಬಾಗಿದಾಗ ನಡುಭಾಗದಲ್ಲಿ ಅಡಿಭಾಗ ಎಳೆತಕ್ಕೆ ಸಿಗುತ್ತದೆ. ಎಳೆತ ತಡೆಯುವುದರಲ್ಲಿ ಕಾಂಕ್ರೀಟ್ ತೀರಾ ದುರ್ಬಲ, ಒತ್ತಡ ತಡೆಯುವ ಶಕ್ತಿಯ ಹತ್ತನೇ ಒಂದರಷ್ಟು ಮಾತ್ರ. ಅದಕ್ಕೇ ಎಳೆತ ಎಲ್ಲಿದೆಯೋ ಅಲ್ಲೇ, ಅದೇ ದಿಕ್ಕಿಗೆ ಕಂಬಿ ಕಟ್ಟುವುದು. ಫೈಬರ್ ಹಾಗಲ್ಲ, ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿ. ಬೇಕಾದ ಜಾಗಕ್ಕೆ ಸಿಗುವುದು ಕೆಲವೇ ಎಳೆ.

ಸ್ಟೀಲ್ ಫೈಬರ್ ಬೇರೆಯೇ ಜಾತಿ. 30ರಿಂದ 60 ಮಿ.ಮೀ. ಉದ್ದ, ತುದಿಯಲ್ಲಿ ಕೊಕ್ಕೆ, ಘನ ಮೀಟರಿಗೆ ಸಾಮಾನ್ಯವಾಗಿ 20ರಿಂದ 40 ಕಿಲೋ. ಬಿರುಕು ಬಿಟ್ಟ ಮೇಲೂ ಎರಡೂ ಕಡೆ ಕಚ್ಚಿಕೊಂಡು, ನಿಧಾನವಾಗಿ ಕಿತ್ತು ಬರುತ್ತದೆ. ಹಾಗಾಗಿ ಕಾರ್ಖಾನೆಯ ನೆಲಕ್ಕೆ ಕಂಬಿಯ ಬದಲು ಇದನ್ನೇ ಬಳಸುವುದುಂಟು. ಅಲ್ಲಿ ಕೆಳಗೆ ಮಣ್ಣಿನ ಆಸರೆ ಇದೆ. ನಿಮ್ಮ ತಾರಸಿಗೆ ಕೆಳಗೆ ಏನಿದೆ, ಗಾಳಿ ಅಲ್ವಾ? ಕಂಬಿ ಎಂಜಿನಿಯರ್ ನಕ್ಷೆಯಲ್ಲಿ ಇರುವಷ್ಟೇ ಇರಲಿ.

ಫೈಬರ್ ಹಾಕಿಸುವುದಾದರೆ ಒಂದೇ ಸಲ ಸುರಿಯಬೇಡಿ, ಉಂಡೆ ಕಟ್ಟುತ್ತದೆ. ಕಾಂಕ್ರೀಟ್ ಬಿಗಿಯಾಯಿತು ಅಂತ ಸುಮ್ನೆ ನೀರು ಸೇರಿಸುವುದೂ ಬೇಡ, ಬಲ ಕುಗ್ಗುತ್ತದೆ. ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆಯೇ ಕಾಂಕ್ರೀಟನ್ನು ಸಡಿಲ ಮಾಡುವ ರಾಸಾಯನಿಕ) ಬಳಸಿ. ಮೇಲೆ ಎಳೆಗಳು ಕೂದಲಿನಂತೆ ಕಂಡರೆ ಗಾಬರಿ ಬೇಡ. ಫೈಬರ್ ಇದೆ ಅಂತ ಕ್ಯೂರಿಂಗ್ (ಕಾಂಕ್ರೀಟನ್ನು ಒಣಗದಂತೆ ಒದ್ದೆಯಾಗಿಡುವುದು) ಮಾತ್ರ ಬಿಡಬೇಡಿ.