ಕತ್ತಲಲ್ಲಿಟ್ಟರೂ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್‌ನಿಂದ ಪಲ್ಸ್ ಬರುತ್ತಲೇ ಇವೆ, ಆಂಪ್ಲಿಫೈಯರ್ ಬದಲಿಸಲೇ?

ಈಗಲೇ ಬೇಡ. ಆಕಾಶದಿಂದ ಬರುವ ಮ್ಯೂಆನ್ ಕಣಗಳನ್ನು ಹಿಡಿಯಲು 10×10 ಸೆಂಮೀ ಸಿಂಟಿಲೇಟರ್‌ಗೆ (ಕಣ ಹಾದಾಗ ಮಿನುಗುವ ಹಲಗೆ) ಒಂಟಿ ಫೋಟಾನನ್ನೂ ಗುರುತಿಸುವ ಈ 3×3 ಮಿಮೀ ಸೆನ್ಸರ್ ಅಂಟಿಸಿ, ಬೆಳಕು ನುಸುಳದಂತೆ ಸುತ್ತಿದ ಮೇಲೂ ಸೆಕೆಂಡಿಗೆ ಲಕ್ಷಗಟ್ಟಲೆ ಪಲ್ಸ್ ಎಂದಿದ್ದೀರಿ. ಇದು ಬಹುಮಟ್ಟಿಗೆ ಸರ್ಕ್ಯೂಟಿನ ಗದ್ದಲವಲ್ಲ, ಸಿಲಿಕಾನಿನದೇ. ಶಾಖದಿಂದ ಒಂದೇ ಒಂದು ಎಲೆಕ್ಟ್ರಾನ್ ಬಿಡಿಸಿಕೊಂಡರೂ ಅದಿರುವ ಮೈಕ್ರೊಸೆಲ್ (ಸೆನ್ಸರ್‌ನ ಪುಟ್ಟ ಕೋಶಗಳಲ್ಲೊಂದು) ಪೂರ್ತಿ ಸಿಡಿಯುತ್ತದೆ. ಫೋಟಾನ್ ಬಿದ್ದಾಗಿನ ಪಲ್ಸ್‌ಗೂ ಇದಕ್ಕೂ ವ್ಯತ್ಯಾಸವೇ ಕಾಣದು. ಇಂಥ ‘ಡಾರ್ಕ್ ಪಲ್ಸ್’ ಚದರ ಮಿಮೀಗೆ 50 ಕಿಲೋಹರ್ಟ್ಸ್ (ಸೆಕೆಂಡಿಗೆ 50 ಸಾವಿರ) ಅಂತ ಹಿಡಿದರೂ ನಿಮ್ಮ ಸೆನ್ಸರ್‌ಗೆ 450 ಕಿಲೋಹರ್ಟ್ಸ್ ಆಯಿತು.

ಮೊದಲು ಪಲ್ಸ್ ಎತ್ತರಗಳ ಹಿಸ್ಟೋಗ್ರಾಂ ತೆಗೆಯಿರಿ. ಒಂದು, ಎರಡು, ಮೂರು ಫೋಟಾನ್‌ಗಳ ಶಿಖರಗಳು ಬಿಡಿಬಿಡಿಯಾಗಿ ಕಂಡರೆ ಆಂಪ್ಲಿಫೈಯರ್ ಚೆನ್ನಾಗಿಯೇ ಇದೆ. ಒಂದರೊಳಗೊಂದು ಕಲಸಿಹೋಗಿದ್ದರೆ ಮಾತ್ರ ಬಯಾಸ್ (ಸೆನ್ಸರ್‌ಗೆ ಕೊಡುವ ವೋಲ್ಟೇಜ್) ಲೈನಿನ ಫಿಲ್ಟರ್, ಗ್ರೌಂಡ್ ಲೂಪ್, ಸೆನ್ಸರ್‌ನಿಂದ ಆಂಪ್ಲಿಫೈಯರ್‌ವರೆಗಿನ ವೈರಿನ ಉದ್ದ ನೋಡಿ.

ನಿಮ್ಮ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ತ್ರೆಶೋಲ್ಡ್ (ಇಷ್ಟು ಎತ್ತರ ಮೀರಿದ ಪಲ್ಸ್ ಮಾತ್ರ ಎಣಿಸುವುದು) ಮತ್ತು ಕೊಯಿನ್ಸಿಡೆನ್ಸ್ (ಎರಡು ಸೆನ್ಸರ್‌ಗಳಲ್ಲಿ ಒಟ್ಟಿಗೇ ಬಂದದ್ದನ್ನಷ್ಟೇ ಎಣಿಸುವುದು). ಮ್ಯೂಆನ್ ಹಾದುಹೋದರೆ ಹತ್ತಾರು ಫೋಟಾನ್ ಸಿಗಬೇಕು. ಡಾರ್ಕ್ ಪಲ್ಸ್ ಸಾಮಾನ್ಯವಾಗಿ ಒಂದು ಫೋಟಾನ್‌ನಷ್ಟೇ. ಪಕ್ಕದ ಸೆಲ್‌ಗೂ ಕಿಡಿ ಹಾರುವ ಕ್ರಾಸ್‌ಟಾಕ್ ಶೇ. 10 ಇದ್ದರೆ, ತ್ರೆಶೋಲ್ಡನ್ನು ಒಂದೊಂದು ಫೋಟಾನ್ ಮೇಲೇರಿಸಿದಾಗಲೂ ಎಣಿಕೆ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ: ಅರ್ಧ ಫೋಟಾನ್‌ನಲ್ಲಿ 450 ಕಿಲೋಹರ್ಟ್ಸ್ ಇದ್ದದ್ದು ಎರಡೂವರೆಯಲ್ಲಿ 4,500 ಹರ್ಟ್ಸ್, ಮೂರೂವರೆಯಲ್ಲಿ 450. ಈಗ ಇಂಥವೇ ಎರಡು ಹಲಗೆ ಒಂದರ ಮೇಲೊಂದಿಟ್ಟು 50 ನ್ಯಾನೊಸೆಕೆಂಡಿನ ಪಲ್ಸ್‌ಗಳನ್ನು ಹೊಂದಿಸಿ ನೋಡಿ. ಆಕಸ್ಮಿಕ ಜೋಡಿಗಳ ದರ ಎಂದರೆ ಎರಡು ದರಗಳ ಗುಣಲಬ್ಧ, ಇಂಟು ಪಲ್ಸ್ ಅಗಲದ ಎರಡರಷ್ಟು. 4,500ರಲ್ಲಿ ಸೆಕೆಂಡಿಗೆ ಎರಡು ಸುಳ್ಳು ಜೋಡಿ, ಅಂದರೆ ನಿಜವಾದ ಮ್ಯೂಆನ್‌ಗಳಿಗಿಂತಲೂ ಹೆಚ್ಚು. 450ರಲ್ಲಿ ನಿಮಿಷಕ್ಕೆ ಒಂದರ ಆಸುಪಾಸು. ಸಮುದ್ರಮಟ್ಟದಲ್ಲಿ ಆ ಹಲಗೆಯ ಮೇಲೆ ನಿಮಿಷಕ್ಕೆ ಸುಮಾರು ನೂರು ಮ್ಯೂಆನ್ ಬೀಳುತ್ತವೆ! ಒಂದೇ ಮೆಟ್ಟಿಲಿಗೆ ಇಷ್ಟು ಲಾಭ ಬೇರೆಲ್ಲಿ ಸಿಕ್ಕೀತು?

ತಣ್ಣಗಾಗಿಸುವುದೂ ಒಳ್ಳೆಯ ದಾರಿಯೇ. 8-10 ಡಿಗ್ರಿ ಇಳಿದಂತೆಲ್ಲ ಡಾರ್ಕ್ ಕೌಂಟ್ ಅರ್ಧಕ್ಕಿಳಿಯುತ್ತದೆ. ಆದರೆ ಬ್ರೇಕ್‌ಡೌನ್ ವೋಲ್ಟೇಜ್ (ಸೆಲ್ ಸಿಡಿಯಲು ಬೇಕಾದ ಕನಿಷ್ಠ ವೋಲ್ಟೇಜ್) ಕೂಡ ಇಳಿಯುತ್ತದೆ, ಹಲವು ಸೆನ್ಸರ್‌ಗಳಲ್ಲಿ ಡಿಗ್ರಿಗೆ ಸುಮಾರು 50 ಮಿಲಿವೋಲ್ಟ್. ಬಯಾಸ್ ಹಾಗೇ ಬಿಟ್ಟರೆ ಓವರ್‌ವೋಲ್ಟೇಜ್, ಅಂದರೆ ಬ್ರೇಕ್‌ಡೌನ್‌ಗಿಂತ ಮೇಲಿರುವಷ್ಟು ವೋಲ್ಟೇಜ್, ಏರಿ ಕ್ರಾಸ್‌ಟಾಕ್ ಹೆಚ್ಚುತ್ತದೆ. ತೇವ ಕೂರದಂತೆ ಒಣ ನೈಟ್ರೋಜನ್ ಕೂಡ ಬೇಕು. ಸರ್ನ್‌ನ ಎಲ್‌ಎಚ್‌ಸಿಬಿ ಪ್ರಯೋಗದ ಫೈಬರ್ ಟ್ರ್ಯಾಕರ್‌ನಲ್ಲಿ (ಕಣಗಳ ಜಾಡು ಹಿಡಿಯುವ ಉಪಕರಣ) ಇಂಥ ಸೆನ್ಸರ್‌ಗಳನ್ನು -40 ಡಿಗ್ರಿಯವರೆಗೆ ತಂಪಾಗಿಸುವ ವ್ಯವಸ್ಥೆ ಮಾಡಿದ್ದು ನ್ಯೂಟ್ರಾನ್ ವಿಕಿರಣ ಸಿಲಿಕಾನನ್ನು ಕೆಡಿಸಿ ಡಾರ್ಕ್ ಕೌಂಟ್ ಏರಿಸುತ್ತದೆಂಬ ಕಾರಣಕ್ಕೆ. ನಿಮಗೆ ಆ ಕಾಟವಿಲ್ಲ.

ಓವರ್‌ವೋಲ್ಟೇಜನ್ನು ಅರ್ಧ ವೋಲ್ಟ್ ಇಳಿಸಿ, ಹಿಸ್ಟೋಗ್ರಾಂ ಮತ್ತೆ ತೆಗೆದು ಇಲ್ಲೇ ಹಾಕಿ; ತ್ರೆಶೋಲ್ಡ್ ಎಲ್ಲಿಡಬೇಕೆಂದು ನೋಡಿ ಹೇಳುತ್ತೇನೆ.