ಬಿಡುಗಡೆಯ ಆದೇಶವನ್ನು ಸರ್ಕಾರವೇ ಪಾಲಿಸದಿದ್ದರೆ?

ಪ್ರಶ್ನೆ: ನನ್ನ ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ವಲಸೆ ಇಲಾಖೆ ಬಂಧಿಸಿದವರನ್ನು ಬಿಡುವಂತೆ ನ್ಯಾಯಾಧೀಶರು ಹೇಳಿದರೂ ಕೆಲವೊಮ್ಮೆ ಬಿಡುವುದಿಲ್ಲವೆಂದು ಓದಿ ಗಾಬರಿಯಾಗಿದೆ. ಹಾಗಾದಾಗ ಬಂಧಿತರಿಗೆ ದಾರಿ ಯಾವುದು?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಗಾಬರಿ ಅಕಾರಣವಲ್ಲ, ಆದರೆ ದಾರಿಯೂ ಇದೆ. ಅಲ್ಲಿನ ವಲಸೆ ನ್ಯಾಯಾಧೀಶರು ಸರ್ಕಾರದ ನ್ಯಾಯ ಇಲಾಖೆಗೇ ಸೇರಿದವರಾದ್ದರಿಂದ, ಬಂಧನವೇ ಕಾನೂನುಬಾಹಿರವೆಂದು ವಾದಿಸುವವರು ಸ್ವತಂತ್ರವಾದ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನಕ್ಕೆ ಕಾನೂನಿನ ಆಧಾರ ತೋರಿಸಿ, ಇಲ್ಲವೇ ಬಿಡಿ ಎಂದು ಕೇಳುವ ಅರ್ಜಿ ಸಲ್ಲಿಸುತ್ತಾರೆ. ಬಂಧಿತರು ಇರುವ ಜಿಲ್ಲೆಯಲ್ಲೇ ಅದನ್ನು ಸಲ್ಲಿಸಬೇಕೆಂಬುದು ಸಾಮಾನ್ಯ ನಿಯಮ. ಆದ್ದರಿಂದ ಬೇರೆ ರಾಜ್ಯಕ್ಕೆ ಸಾಗಿಸುವ ಮೊದಲೇ ಅರ್ಜಿ ದಾಖಲಾಗಬೇಕು. ಒಮ್ಮೆ ದಾಖಲಾದರೆ ಸ್ಥಳಾಂತರ ಮಾಡಿದ ಮಾತ್ರಕ್ಕೆ ನ್ಯಾಯಾಲಯದ ಅಧಿಕಾರ ತಪ್ಪಿಹೋಗುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಿಬಿರದಲ್ಲಿ ಕೂಡಿಹಾಕಿದ್ದ ಜಪಾನಿ ಮೂಲದ ಅಮೆರಿಕನ್ ಪ್ರಜೆ ಮಿತ್ಸುಯೆ ಎಂಡೊ ಅವರನ್ನು ಕ್ಯಾಲಿಫೋರ್ನಿಯಾದಿಂದ ಯೂಟಾಗೆ ಸಾಗಿಸಿದ್ದ ಪ್ರಕರಣದಲ್ಲಿ, 1944ರಲ್ಲಿ ಸುಪ್ರೀಂ ಕೋರ್ಟ್ ಹೀಗೆಂದು ತೀರ್ಪಿತ್ತಿತು.

ಆದೇಶವಾದ ಮೇಲೂ ಬಿಡದಿದ್ದರೆ ನ್ಯಾಯಾಂಗ ನಿಂದನೆಯ ಕ್ರಮವಿದೆ. ಪಾಲಿಸುವವರೆಗೆ ದಂಡ ವಿಧಿಸುತ್ತಾ ಹೋಗುವುದು ಸಿವಿಲ್ ನಿಂದನೆ, ಆಗಿಹೋದ ಉಲ್ಲಂಘನೆಗೆ ಶಿಕ್ಷಿಸುವುದು ಕ್ರಿಮಿನಲ್ ನಿಂದನೆ. ಎರಡನೆಯದನ್ನು ಅಧ್ಯಕ್ಷರು ಕ್ಷಮಿಸಬಹುದು; ಮೇಲಾಗಿ ನ್ಯಾಯಾಲಯದ ಆದೇಶ ಜಾರಿಗೊಳಿಸಬೇಕಾದ ಮಾರ್ಷಲ್‌ಗಳೂ ನ್ಯಾಯ ಇಲಾಖೆಯ ಅಧೀನದಲ್ಲೇ ಇದ್ದಾರೆ. ಇದು ಆ ವ್ಯವಸ್ಥೆಯ ದೊಡ್ಡ ದೌರ್ಬಲ್ಯವೆಂದೇ ನನ್ನ ಅಭಿಪ್ರಾಯ.

ಹೀಗಾಗಿ ಅನೇಕ ನ್ಯಾಯಾಧೀಶರು ಶಿಕ್ಷೆಗೆ ಕೈಹಾಕುವ ಮೊದಲು, ಯಾರು ಏನು ಮಾಡಿದರು ಎಂಬುದನ್ನು ಪ್ರಮಾಣ ಮಾಡಿಸಿ ದಾಖಲಿಸಿಕೊಳ್ಳುತ್ತಾರೆ. 2025ರಲ್ಲಿ ಮೇರಿಲ್ಯಾಂಡ್ ನಿವಾಸಿಯೊಬ್ಬರನ್ನು ತಪ್ಪಾಗಿ ಎಲ್ ಸಾಲ್ವಡಾರ್‌ಗೆ ಗಡೀಪಾರು ಮಾಡಲಾಗಿತ್ತು. ಅವರ ಬಿಡುಗಡೆಗೆ ಸರ್ಕಾರ ಅನುವು ಮಾಡಿಕೊಡಬೇಕೆಂದು ಸುಪ್ರೀಂ ಕೋರ್ಟ್ ಏಪ್ರಿಲ್ 10ರಂದು ಹೇಳಿದ ಮೇಲೂ ಸರ್ಕಾರ ಕಾಲ ತಳ್ಳಿದಾಗ, ಜಿಲ್ಲಾ ನ್ಯಾಯಾಧೀಶೆ ದಿನವೂ ವರದಿ ಕೇಳಿದರು, ಅಧಿಕಾರಿಗಳು ಪ್ರಮಾಣಪೂರ್ವಕ ಹೇಳಿಕೆ ಕೊಡಬೇಕೆಂದರು. ಜೂನ್‌ನಲ್ಲಿ ಅವರನ್ನು ಮರಳಿ ಕರೆತಂದರು, ಆದರೆ ಕ್ರಿಮಿನಲ್ ಆರೋಪ ಹೊರಿಸಿಯೇ ಕರೆತಂದರು ಎಂಬುದನ್ನೂ ಹೇಳಬೇಕು. 2026ರ ಜನವರಿಯಲ್ಲಿ, ಬಂಧಿತರೊಬ್ಬರ ವಿಷಯದಲ್ಲಿ ಕೊಟ್ಟ ಆದೇಶ ಪಾಲನೆಯಾಗದಿದ್ದಾಗ, ಮಿನ್ನೆಸೋಟದ ಫೆಡರಲ್ ಜಿಲ್ಲಾ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು ವಲಸೆ ಜಾರಿ ಸಂಸ್ಥೆಯ ಮುಖ್ಯಸ್ಥರೇ ಖುದ್ದಾಗಿ ಹಾಜರಾಗಬೇಕೆಂದು ಆದೇಶಿಸಿದರು. ಆ ಬಂಧಿತರ ಬಿಡುಗಡೆಯಾದದ್ದರಿಂದ ಹಾಜರಾತಿಯನ್ನು ಕೈಬಿಟ್ಟರು.

ವಕೀಲರಿಂದ ನೀವು ಕೇಳಬೇಕಾದದ್ದು ಇಷ್ಟೇ. 'ಬಿಡುಗಡೆ ಮಾಡತಕ್ಕದ್ದು' ಎಂಬ ಒಂದೇ ಸಾಲಿನ ಆದೇಶದಿಂದ ಸಮಾಧಾನಪಡದೆ, ಇಂಥ ದಿನ ಇಷ್ಟು ಗಂಟೆಯೊಳಗೆ ಬಿಡಬೇಕು, ಅಲ್ಲಿಯವರೆಗೆ ರಾಜ್ಯದಿಂದ ಹೊರಗೆ ಸಾಗಿಸಬಾರದು, ವಶಪಡಿಸಿಕೊಂಡ ಕಾಗದಪತ್ರಗಳನ್ನು ಹಿಂದಿರುಗಿಸಬೇಕು, ಪಾಲಿಸಿದ ಬಗ್ಗೆ ಮರುದಿನವೇ ಲಿಖಿತ ವರದಿ ಸಲ್ಲಿಸಬೇಕು ಎಂದು ಬರೆಸಿಕೊಡುವಂತೆ ಪ್ರಾರ್ಥಿಸಲಿ. ಗಡುವು ಮೀರಿದ ಕೂಡಲೇ ಅದೇ ನ್ಯಾಯಾಧೀಶರ ಮುಂದೆ ಮತ್ತೆ ಅರ್ಜಿ ಹಾಕಲಿ. ನಿಮ್ಮ ಅಣ್ಣನ ಮಗನ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿಗಳು, ವಲಸೆ ಇಲಾಖೆ ಕೊಟ್ಟ ಎ-ನಂಬರ್ ಇದ್ದರೆ ಅದು, ಅಲ್ಲಿನ ವಕೀಲರೊಬ್ಬರ ದೂರವಾಣಿ ಸಂಖ್ಯೆ ಇವನ್ನು ಈಗಲೇ ಮನೆಯಲ್ಲಿ ಬರೆದಿಟ್ಟುಕೊಳ್ಳಿ. ಬಂಧಿತರನ್ನು ಎಲ್ಲಿಟ್ಟಿದ್ದಾರೆಂದು ಇಲಾಖೆಯ ಜಾಲತಾಣದಲ್ಲಿ ಹುಡುಕುವಾಗ ಎ-ನಂಬರ್ ಜೊತೆಗೆ ಹುಟ್ಟಿದ ದೇಶವನ್ನೂ ಕೇಳುತ್ತದೆ.