ಮುಖ ಮುಚ್ಚಿದರೆ ದಂಡ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಯುರೋಪಿನ ಬುರ್ಖಾ ನಿಷೇಧದ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಅದಕ್ಕೆ ಬಂದಷ್ಟು ಪತ್ರಗಳು ಬೇರೆ ಯಾವ ವಿಷಯಕ್ಕೂ ಬಂದಿರಲಿಲ್ಲ. ಹೊಗಳಿದವರು ಕಡಿಮೆ, ಬೈದವರು ಜಾಸ್ತಿ, ಆದರೆ ತುಂಬ ಜನ ನಿಜವಾಗಿ ತಿಳಿದುಕೊಳ್ಳಬೇಕು ಅಂತ ಕೇಳಿದ್ದಾರೆ. ಹಾಗಾಗಿ ಈ ಸಲದ ಪುಟ ಪೂರ್ತಿ ಇದಕ್ಕೇ. ಒಂದೇ ಪ್ರಶ್ನೆ ಕೇಳಿದವರನ್ನು ಒಟ್ಟಿಗೆ ಸೇರಿಸಿದ್ದೇನೆ. ಹೆಸರು ಬೇಡ ಅಂದವರೇ ಹೆಚ್ಚು, ಅದಕ್ಕೆ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಫ್ರಾನ್ಸ್‌ನಲ್ಲಿ ಬುರ್ಖಾ ನಿಷೇಧ ಅಂತಾರೆ. ಹಾಗಾದರೆ ಅಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ತಲೆಗೆ ಬಟ್ಟೆ ಹಾಕಿಕೊಂಡು ಓಡಾಡುವ ಹಾಗೇ ಇಲ್ವಾ? (ಹುಬ್ಬಳ್ಳಿಯ ಓದುಗರು)

ಓಡಾಡಬಹುದು. ಪ್ಯಾರಿಸ್‌ನ ಬೀದಿಯಲ್ಲಿ, ಮೆಟ್ರೋದಲ್ಲಿ, ಅಂಗಡಿಯಲ್ಲಿ ತಲೆವಸ್ತ್ರ ಹಾಕಿಕೊಂಡವರನ್ನು ಯಾರೂ ತಡೆಯುವ ಹಾಗಿಲ್ಲ. ಎರಡು ಬೇರೆ ಕಾನೂನುಗಳನ್ನು ನಾವು ಒಂದೇ ಅಂದುಕೊಂಡಿದ್ದೇವೆ. 2004ರ ಕಾನೂನು ಸರ್ಕಾರಿ ಶಾಲೆಗಳದ್ದು. ಎದ್ದು ಕಾಣುವ ಧಾರ್ಮಿಕ ಗುರುತು ಹಾಕಿಕೊಂಡು ವಿದ್ಯಾರ್ಥಿಗಳು ಬರಬಾರದು ಅನ್ನುತ್ತದೆ ಅದು. ಅಲ್ಲಿ ಹಿಜಾಬ್ ಹೋಯಿತು, ಜೊತೆಗೆ ಸಿಖ್ ಹುಡುಗರ ಪೇಟವೂ ಹೋಯಿತು. 2010ರ ಕಾನೂನು ಮುಖದ್ದು. ಅದರಲ್ಲಿ ಇಸ್ಲಾಂ ಅನ್ನುವ ಮಾತಿಲ್ಲ, ಬುರ್ಖಾ ಅನ್ನುವ ಮಾತೂ ಇಲ್ಲ. ಸಾರ್ವಜನಿಕ ಜಾಗದಲ್ಲಿ ಮುಖ ಮುಚ್ಚುವ ಬಟ್ಟೆ ಯಾರೂ ಹಾಕಬಾರದು ಅಂತಷ್ಟೇ ಇದೆ. ಬೈಕಿನ ಹೆಲ್ಮೆಟ್, ಕಾಯಿಲೆಗೆ ಹಾಕುವ ಮಾಸ್ಕ್, ಆಟ, ಹಬ್ಬದ ವೇಷ, ಇವಕ್ಕೆಲ್ಲ ವಿನಾಯಿತಿ ಇದೆ. ಹೀಗೆ ಒಂದೊಂದನ್ನೇ ಹೊರಗಿಟ್ಟ ಮೇಲೆ ಉಳಿಯುವುದು ಯಾರು ಅಂತ ಎಲ್ಲರಿಗೂ ಗೊತ್ತಿತ್ತು.

ಇನ್ನೊಂದು ಗೊಂದಲವೂ ಇದೆ. ನಮ್ಮಲ್ಲಿ ಮುಖ ತೆರೆದ ಕಪ್ಪು ಮೇಲಂಗಿಗೂ ಬುರ್ಖಾ ಅಂತಲೇ ಕರೆಯುತ್ತಾರೆ. ಅಲ್ಲಿ ಜಗಳ ಇರುವುದು ಕಣ್ಣಷ್ಟೇ ಬಿಟ್ಟು ಮುಖ ಮುಚ್ಚುವ ನಖಾಬಿಗೆ ಮತ್ತು ಅಫ್ಘಾನಿಸ್ತಾನದ, ಕಣ್ಣಿನ ಮುಂದೆ ಜಾಲರಿ ಇರುವ ಬುರ್ಖಾಕ್ಕೆ.

ಕಾನೂನು ಜಾರಿಗೆ ಬಂದದ್ದು 2011ರ ಏಪ್ರಿಲ್ 11ಕ್ಕೆ. ದಂಡ 150 ಯೂರೋವರೆಗೆ. ಅದರ ಜೊತೆಗೋ ಬದಲಿಗೋ ನಾಗರಿಕತ್ವದ ಪಾಠಕ್ಕೂ ಕಳಿಸಬಹುದು. ಸೆನೆಟ್‌ನಲ್ಲಿ 246 ಮತ ಪರ, ಒಂದೇ ಒಂದು ವಿರುದ್ಧ. ಆಗ ಇಡೀ ಫ್ರಾನ್ಸ್‌ನಲ್ಲಿ ಮುಖ ಮುಚ್ಚುವ ಹೆಂಗಸರು ಎಷ್ಟು ಜನ ಗೊತ್ತಾ? ಸರ್ಕಾರದ ಅಂದಾಜಿನಲ್ಲೇ ಸುಮಾರು 1,900. ಆರು ಕೋಟಿಗೂ ಹೆಚ್ಚು ಜನರ ದೇಶ ಅದು.

ಪ್ರಶ್ನೆ: ನಾನು ಮದುವೆಯಾದ ಮೇಲೆ ನನ್ನಿಷ್ಟದಿಂದಲೇ ನಖಾಬ್ ಹಾಕಲು ಶುರು ಮಾಡಿದವಳು. ನಮ್ಮ ಅತ್ತೆ ಹಾಕಲ್ಲ, ನಾದಿನಿ ಹಾಕಲ್ಲ. ಆದರೂ ಬಸ್ಸಿನಲ್ಲಿ ಪಕ್ಕ ಕೂತವರು "ಮನೆಯಲ್ಲಿ ಬಲವಂತ ಮಾಡ್ತಾರಾ?" ಅಂತ ಕೇಳ್ತಾರೆ. ನನ್ನ ಮಾತನ್ನು ಯಾಕೆ ಯಾರೂ ನಂಬಲ್ಲ? (ವಿಜಯಪುರದ ಓದುಗರು)

ನಾನು ನಂಬುತ್ತೇನೆ ತಂಗಿ. ನೀವು ಕೇಳಿದ ಪ್ರಶ್ನೆಯನ್ನೇ ಫ್ರಾನ್ಸ್‌ನ ಒಬ್ಬ ಹೆಣ್ಣುಮಗಳು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮುಂದೆ ಇಟ್ಟಿದ್ದಳು. ಹೆಸರು ಬಹಿರಂಗವಾಗದಂತೆ ಎಸ್‌.ಎ.ಎಸ್‌. ಅನ್ನುವ ಮೂರು ಅಕ್ಷರದಲ್ಲಿ ಕೇಸ್ ನಡೆಯಿತು. ಪಾಕಿಸ್ತಾನ ಮೂಲದವಳು, ಫ್ರೆಂಚ್ ಪ್ರಜೆ. ಗಂಡನಾಗಲಿ ಮನೆಯವರಾಗಲಿ ಒತ್ತಾಯ ಮಾಡಿಲ್ಲ, ಸದಾ ಹಾಕುವುದೂ ಇಲ್ಲ, ಮನಸ್ಸು ಬಂದಾಗ ಹಾಕುತ್ತೇನೆ, ವಿಮಾನ ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ ತಪಾಸಣೆಗೆ ಮುಖ ತೋರಿಸಲು ನನ್ನದೇನೂ ತಕರಾರಿಲ್ಲ ಅಂದಳು.

2014ರ ಜುಲೈ 1ರಂದು ತೀರ್ಪು ಬಂತು. ಅದನ್ನು ಸುಮ್ನೆ "ನಿಷೇಧ ಎತ್ತಿಹಿಡಿದರು" ಅಂತ ಹೇಳಿ ಬಿಟ್ಟುಬಿಡುತ್ತಾರೆ, ಒಳಗೆ ಏನಿದೆ ಅಂತ ಹೇಳುವವರು ಕಡಿಮೆ. ಫ್ರಾನ್ಸ್ ಸರ್ಕಾರ ಮುಖ್ಯವಾಗಿ ಕೊಟ್ಟಿದ್ದ ಕಾರಣಗಳು: ಭದ್ರತೆ, ಹೆಣ್ಣು ಗಂಡಿನ ಸಮಾನತೆ, ಮನುಷ್ಯರ ಘನತೆ. ಇವು ಮೂರನ್ನೂ ಕೋರ್ಟ್ ಒಪ್ಪಲಿಲ್ಲ. ಭದ್ರತೆಗಾದರೆ ಬೇಕಾದ ಕಡೆ ಮುಖ ತೋರಿಸಿ ಅಂದರೆ ಸಾಕು, ಪೂರ್ತಿ ನಿಷೇಧ ಯಾಕೆ ಅಂತ ಕೇಳಿತು. ಸಮಾನತೆಯ ವಿಷಯದಲ್ಲಿ ಇನ್ನೂ ನೇರವಾಗಿ ಹೇಳಿತು. ಹೆಂಗಸರು ತಾವೇ ಬೇಕು ಅನ್ನುತ್ತಿರುವ ಒಂದು ರೂಢಿಯನ್ನು ಹೆಂಗಸರ ಸಮಾನತೆಯ ಹೆಸರಿನಲ್ಲಿ ಸರ್ಕಾರ ನಿಷೇಧಿಸಲು ಆಗುವುದಿಲ್ಲ ಅಂದಿತು. ನಿಮ್ಮ ಬಸ್ಸಿನ ಸಹಪ್ರಯಾಣಿಕರಿಗೆ ಇದನ್ನು ಹೇಳಿ. ಆದರೂ ಕಾನೂನು ಉಳಿಯಿತು. ಯಾಕಂದರೆ ನಾಲ್ಕನೆಯ ಕಾರಣ ಒಂದನ್ನು ಕೋರ್ಟ್ ಒಪ್ಪಿತು: ಒಟ್ಟಿಗೆ ಬಾಳುವ ಸಮಾಜದಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣಬೇಕು, ಅದು ಹೇಗಿರಬೇಕು ಅನ್ನುವುದು ಆಯಾ ದೇಶದ ಆಯ್ಕೆ. ಇಬ್ಬರು ನ್ಯಾಯಾಧೀಶರು ಇದನ್ನು ಒಪ್ಪದೆ ಬೇರೆ ತೀರ್ಪು ಬರೆದರು. 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇದಕ್ಕೆ ಪೂರ್ತಿ ಉಲ್ಟಾ ಹೇಳಿತು. ದಂಡ ತೆತ್ತ ಇಬ್ಬರು ಹೆಂಗಸರ ದೂರು ಅದು. ಈ ನಿಷೇಧ ಹೆಣ್ಣುಮಕ್ಕಳನ್ನು ಕಾಪಾಡುವ ಬದಲು ಮನೆಯೊಳಗೆ ಕೂರಿಸಬಹುದು ಅಂತ ಸಮಿತಿ ಹೇಳಿತು. ಅದರ ಮಾತು ಕೋರ್ಟಿನ ತೀರ್ಪಿನ ಹಾಗೆ ಕಟ್ಟುನಿಟ್ಟಲ್ಲ, ಫ್ರಾನ್ಸ್ ತನ್ನ ಕಾನೂನು ಬದಲಿಸಲಿಲ್ಲ.

ಒಂದು ಮಾತು ಮಾತ್ರ ಸೇರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮದು ನಿಮ್ಮ ಇಷ್ಟ. ನಿಮ್ಮದೇ ಬೀದಿಯ ಇನ್ನೊಬ್ಬಳಿಗೆ ಅದು ಇಷ್ಟ ಅಲ್ಲದೆ ಇರಬಹುದು. ಅವಳ ಪರವಾಗಿಯೂ ನೀವೇ ಮಾತಾಡಿದರೆ ನಮ್ಮಂಥವರ ಮಾತಿಗಿಂತ ಹೆಚ್ಚು ತೂಕ ಇರುತ್ತದೆ.

ಪ್ರಶ್ನೆ: ಮುಖ ಮುಚ್ಚಿಕೊಂಡು ಒಳಗೆ ಯಾರಿದ್ದಾರೋ ಹೇಗೆ ಗೊತ್ತಾಗಬೇಕು? ಕಳ್ಳ ವೋಟು, ಕಳ್ಳತನ ಏನು ಬೇಕಾದರೂ ಆಗಬಹುದಲ್ವಾ? (ತುಮಕೂರು, ಶಿವಮೊಗ್ಗ, ಮಂಡ್ಯದಿಂದ ಬಂದ ಪತ್ರಗಳು)

ಗುರುತು ಬೇಕಾದ ಕಡೆ ಮುಖ ತೋರಿಸಲೇಬೇಕು, ಅದರಲ್ಲಿ ರಾಜಿ ಇಲ್ಲ. ಮತದಾರರ ಪಟ್ಟಿಗೆ ಫೋಟೋ ಕೊಡುವುದು ಧರ್ಮಕ್ಕೆ ವಿರುದ್ಧ ಅನ್ನುವ ವಾದವನ್ನು ಮದ್ರಾಸ್ ಹೈಕೋರ್ಟ್ 2006ರಲ್ಲೇ ತಳ್ಳಿಹಾಕಿದೆ. ನಾನು ಕೆಲಸದಲ್ಲಿದ್ದಾಗ ಕಲ್ಯಾಣ ಕರ್ನಾಟಕದ ಬೂತ್‌ಗಳಲ್ಲಿ ಚುನಾವಣೆ ಡ್ಯೂಟಿ ಮಾಡಿದ್ದೇನೆ. ಶಾಲೆಯ ಕೋಣೆಯ ಮೂಲೆಯಲ್ಲಿ ಎರಡು ಬೆಂಚು ಅಡ್ಡ ಇಟ್ಟು, ಒಂದು ಬೆಡ್‌ಶೀಟ್ ಕಟ್ಟಿ ಮರೆ ಮಾಡುತ್ತಿದ್ದೆವು. ಅಲ್ಲಿ ಒಬ್ಬ ಹೆಂಗಸು ಸಿಬ್ಬಂದಿ. ಬಂದವರು ಮರೆಯ ಒಳಗೆ ನಿಂತು, ತಲೆಯ ಹಿಂದಿನ ಲಾಡಿ ಸಡಿಲ ಮಾಡಿ ನಖಾಬ್ ಎತ್ತುವುದು, ನಾವು ವೋಟರ್ ಐಡಿಯ ಫೋಟೋ ನೋಡುವುದು, ಮುಖ ನೋಡುವುದು, "ಆಯ್ತಮ್ಮ" ಅನ್ನುವುದು, ಅವರು ಮತ್ತೆ ಕಟ್ಟಿಕೊಂಡು ಬೆರಳು ಚಾಚಿ ಶಾಯಿ ಹಾಕಿಸಿಕೊಳ್ಳುವುದು. ಒಬ್ಬರಿಗೆ ಅರ್ಧ ನಿಮಿಷವೂ ಹಿಡಿಯುತ್ತಿರಲಿಲ್ಲ. ಕೆಲವರು ಮರೆಯೂ ಬೇಡ ಅಂತ ಅಲ್ಲೇ ಎತ್ತಿ ತೋರಿಸುತ್ತಿದ್ದರು. ತಕರಾರು ಬಂದದ್ದು ಹೆಂಗಸು ಸಿಬ್ಬಂದಿ ಇಲ್ಲದ ಬೂತ್‌ಗಳಲ್ಲಿ. ಅದು ನಮ್ಮ ವ್ಯವಸ್ಥೆಯ ಕೊರತೆ, ಅವರದ್ದಲ್ಲ. ವಿಮಾನ ನಿಲ್ದಾಣದಲ್ಲೂ ಹೆಂಗಸರ ತಪಾಸಣೆಗೆ ಪರದೆ ಹಾಕಿದ ಜಾಗ ಇದೆ. ಪರೀಕ್ಷಾ ಕೇಂದ್ರ, ಬ್ಯಾಂಕ್, ಕೋರ್ಟ್, ಎಲ್ಲ ಕಡೆಯೂ ಇದು ಆಗುವ ಕೆಲಸವೇ. ಆದರೆ ತರಕಾರಿ ತರಲು ಹೋಗುವವಳ ಗುರುತು ಯಾರಿಗೆ ಯಾಕೆ ಬೇಕು?

ಪ್ರಶ್ನೆ: ಇರಾನಿನಲ್ಲಿ ಹೆಂಗಸರು ತಲೆವಸ್ತ್ರ ಸುಡ್ತಾರೆ, ಯುರೋಪಿನಲ್ಲಿ ಹಾಕಿಕೊಳ್ಳೋಕೆ ಕೋರ್ಟಿಗೆ ಹೋಗ್ತಾರೆ. ಇವರಿಗೆ ಬೇಕಾದ್ದಾದರೂ ಏನು? (ಮೈಸೂರಿನ ವಿದ್ಯಾರ್ಥಿ)

ಇಬ್ಬರಿಗೂ ಬೇಕಾದ್ದು ಒಂದೇ. ಪೊಲೀಸರು ತಮ್ಮ ಬಟ್ಟೆಗೆ ಕೈ ಹಾಕಬಾರದು.

ಇರಾನಿನ ಕಥೆ ಪೂರ್ತಿ ಓದಿದರೆ ನಿನಗೇ ಗೊತ್ತಾಗುತ್ತದೆ. 1936ರಲ್ಲಿ ಅಲ್ಲಿನ ದೊರೆ ರೆಜಾ ಶಾ ದೇಶ ಆಧುನಿಕ ಆಗಬೇಕು ಅಂತ ಪರದೆಯನ್ನೇ ನಿಷೇಧಿಸಿದ. ಪೊಲೀಸರು ರಸ್ತೆಯಲ್ಲೇ ಹೆಂಗಸರ ಚಾದರ ಎಳೆದು ಹಾಕಿದರು. ಎಷ್ಟೋ ಹೆಂಗಸರು ಹೊರಗೆ ಹೋಗುವುದನ್ನೇ ಬಿಟ್ಟರು, ಸ್ನಾನಕ್ಕೆ ಊರ ಹಮಾಮಿಗೆ ಹೋಗುವುದೂ ಕಷ್ಟವಾಯಿತು. 1979ರ ಕ್ರಾಂತಿ ಆದ ಮೇಲೆ ಅದೇ ದೇಶದಲ್ಲಿ ತಲೆ ಮುಚ್ಚಲೇಬೇಕು ಅನ್ನುವ ನಿಯಮ ಬಂತು. ಬೀದಿಯಲ್ಲಿ ಮತ್ತೆ ಪೊಲೀಸರು. 2022ರ ಸೆಪ್ಟೆಂಬರ್‌ನಲ್ಲಿ ತಲೆವಸ್ತ್ರ ಸರಿ ಇಲ್ಲ ಅಂತ ಹಿಡಿದುಕೊಂಡು ಹೋದ 22 ವರ್ಷದ ಮಹ್ಸಾ ಅಮಿನಿ ಪೊಲೀಸರ ವಶದಲ್ಲೇ ಪ್ರಜ್ಞೆ ತಪ್ಪಿ, ಆಮೇಲೆ ಸತ್ತಳು. ಆ ಸಿಟ್ಟೇ ತಲೆವಸ್ತ್ರ ಸುಡುವವರೆಗೆ ಹೋಯಿತು. ಅಜ್ಜಿಯಿಂದ ಕಿತ್ತುಕೊಂಡರು, ಮೊಮ್ಮಗಳ ಮೇಲೆ ಹೇರಿದರು. ಎರಡು ಸಲವೂ ಅವರನ್ನು ಯಾರೂ ಕೇಳಲಿಲ್ಲ.

ಅಫ್ಘಾನಿಸ್ತಾನದ್ದು ಇನ್ನೂ ಘೋರ. 2022ರ ಮೇ ತಿಂಗಳಲ್ಲಿ ತಾಲಿಬಾನ್ ಹೊರಡಿಸಿದ ಆದೇಶದ ಪ್ರಕಾರ ಹೆಂಗಸರು ಹೊರಗೆ ಬಂದರೆ ಮುಖ ಮುಚ್ಚಿರಬೇಕು, ಇಲ್ಲದಿದ್ದರೆ ಶಿಕ್ಷೆ ಮನೆಯ ಗಂಡಸಿಗೆ. ಅಂದರೆ ಪ್ರತಿ ಮನೆಯ ಅಪ್ಪನನ್ನೂ ಅಣ್ಣನನ್ನೂ ಕಾವಲುಗಾರ ಮಾಡಿಬಿಟ್ಟರು. ಹುಡುಗಿಯರ ಹೈಸ್ಕೂಲು ಮುಚ್ಚಿದವರೂ ಇವರೇ. ನಖಾಬ್ ಹಾಕುವ ಹಕ್ಕಿನ ಪರ ಮಾತಾಡುವವರು ಇದರ ಬಗ್ಗೆ ಬಾಯಿ ಬಿಡದಿದ್ದರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ನಾವು ಜೂರಿಕ್‌ನಲ್ಲಿದ್ದೇವೆ. ಪಕ್ಕದ ಮನೆಯ ಭಟ್ಕಳದ ಗೆಳತಿಯ ಅಮ್ಮ ಬೇಸಿಗೆಗೆ ಬರುತ್ತಿದ್ದಾರೆ, ಅವರು ನಖಾಬ್ ಹಾಕುತ್ತಾರೆ. ಪ್ರವಾಸಿಗಳಿಗೂ ಕಾನೂನು ಅನ್ವಯಿಸುತ್ತಾ? (ಸ್ವಿಟ್ಜರ್ಲೆಂಡಿನ ಓದುಗರು)

ಅನ್ವಯಿಸುತ್ತದೆ. 2021ರ ಮಾರ್ಚ್ 7ರ ಜನಮತದಲ್ಲಿ ಮುಖ ಮುಚ್ಚುವುದರ ನಿಷೇಧಕ್ಕೆ ಶೇ. 51.2 ಜನ ಹೌದು ಅಂದರು, 2025ರ ಜನವರಿ 1ರಿಂದ ಜಾರಿಯಲ್ಲಿದೆ. ದಂಡ ಸಾವಿರ ಫ್ರಾಂಕ್‌ವರೆಗೂ ಹೋಗಬಹುದು. ವಿಮಾನದ ಒಳಗೆ ಮತ್ತು ಮಸೀದಿಯಲ್ಲಿ ಹಾಕಬಹುದು. ಆರೋಗ್ಯದ ಕಾರಣಕ್ಕೆ, ಚಳಿಗೆ ಮುಚ್ಚಬಹುದು, ಆದರೆ ಬೇಸಿಗೆಯಲ್ಲಿ ಚಳಿಯ ನೆಪ ನಡೆಯುವುದಿಲ್ಲ. ವಿಮಾನ ಹತ್ತುವ ಮೊದಲೇ ಅವರಿಗೆ ತಿಳಿಸಿ. ಇಳಿದ ಮೇಲೆ ಯಾರೋ ಅಪರಿಚಿತ ಪೊಲೀಸ್ ಹೇಳುವುದಕ್ಕಿಂತ ಮಗಳು ಹೇಳುವುದು ಎಷ್ಟೋ ವಾಸಿ.

ಪ್ರಶ್ನೆ: ನಮ್ಮ ಉಡುಪಿಯ ಹಿಜಾಬ್ ಕೇಸಿಗೂ ಇದಕ್ಕೂ ಸಂಬಂಧ ಇದೆಯಾ? (ಉಡುಪಿ, ಕುಂದಾಪುರ)

ವಾದಗಳಲ್ಲಿ ಹೋಲಿಕೆ ಇದೆ, ವಿಷಯ ಬೇರೆ. ಉಡುಪಿಯದ್ದು ಮುಖದ ಪ್ರಶ್ನೆ ಅಲ್ಲ. ತರಗತಿಯೊಳಗೆ ಸಮವಸ್ತ್ರದ ಜೊತೆ ತಲೆವಸ್ತ್ರ ಹಾಕಬಹುದಾ ಅನ್ನುವುದು. 2022ರ ಮಾರ್ಚ್ 15ರಂದು ನಮ್ಮ ಹೈಕೋರ್ಟ್ ನಿಗದಿಯಾದ ಸಮವಸ್ತ್ರವನ್ನೇ ಹಾಕಬೇಕು ಅನ್ನುವ ಸರ್ಕಾರದ ಆದೇಶ ಎತ್ತಿಹಿಡಿಯಿತು, ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಬೀದಿಯಲ್ಲಿ ಮುಖ ಮುಚ್ಚಬಾರದು ಅನ್ನುವ ಕಾನೂನು ನಮ್ಮ ದೇಶಕ್ಕೆ ಇಲ್ಲ. ಕೇರಳದ ಮುಸ್ಲಿಂ ಎಜುಕೇಷನಲ್ ಸೊಸೈಟಿ 2019ರಲ್ಲಿ ತನ್ನ ಸಂಸ್ಥೆಗಳಲ್ಲಿ ಮುಖ ಮುಚ್ಚುವುದು ಬೇಡ ಅಂದಿತ್ತು ಅನ್ನುವುದನ್ನೂ ನೆನಪಿಡಿ. ಮುಸ್ಲಿಮರೆಲ್ಲ ಒಂದೇ ಅಭಿಪ್ರಾಯದವರು ಅಂದುಕೊಳ್ಳುವುದು ತಪ್ಪು.

ಪ್ರಶ್ನೆ: ನನ್ನ ಹೆಂಡತಿ ಮುಖ ಮುಚ್ಚಿಕೊಂಡೇ ಹೊರಗೆ ಹೋಗಬೇಕು ಅಂತ ನಾನೇ ಹೇಳಿದ್ದೇನೆ. ಅವಳ ಒಳ್ಳೆಯದಕ್ಕೇ ಅಲ್ವಾ? ಇದರಲ್ಲಿ ಸರ್ಕಾರಕ್ಕಾಗಲಿ ನಿಮಗಾಗಲಿ ಏನು ಕೆಲಸ? (ಊರು ಬರೆದಿಲ್ಲ)

ಫ್ರಾನ್ಸ್‌ನ ಅದೇ ಕಾನೂನಿನಲ್ಲಿ ಇನ್ನೊಂದು ಕಲಂ ಇದೆ. ಬೆದರಿಸಿಯೋ ಅಧಿಕಾರ ಚಲಾಯಿಸಿಯೋ ಯಾರನ್ನಾದರೂ ಮುಖ ಮುಚ್ಚುವಂತೆ ಮಾಡಿದವನಿಗೆ ಒಂದು ವರ್ಷ ಜೈಲು, 30,000 ಯೂರೋ ದಂಡ. ಅವಳು ಹದಿನೆಂಟು ತುಂಬದವಳಾದರೆ ಎರಡೂ ದುಪ್ಪಟ್ಟು. ಆ ಕಾನೂನಿನಲ್ಲಿ ನಾನು ಮನಸಾರೆ ಒಪ್ಪುವ ಭಾಗ ಇದೊಂದೇ. ಆದರೆ ಬೀದಿಯಲ್ಲಿ ದಂಡ ಕಟ್ಟಿದ್ದು ಹೆಂಗಸರೇ, ಮೊದಲ ನಾಲ್ಕೈದು ವರ್ಷಗಳಲ್ಲಿ ಒಂದೂವರೆ ಸಾವಿರದಷ್ಟು ಸಲ, ಎಷ್ಟೋ ಬಾರಿ ಅವರೇ ಮತ್ತೆ ಮತ್ತೆ. ಬೀದಿಯಲ್ಲಿ ಕಾಣುವುದು ಅವಳ ಬಟ್ಟೆ. ನೀವು ಮನೆಯೊಳಗೆ ಹೇಳಿದ ಮಾತು ಪೊಲೀಸರಿಗೆ ಕಾಣುವುದಿಲ್ಲ, ಅವಳು ದೂರು ಕೊಟ್ಟರೆ ಮಾತ್ರ ಗೊತ್ತಾಗಬೇಕು. ಮಕ್ಕಳನ್ನು ಕಟ್ಟಿಕೊಂಡು ಅದೇ ಮನೆಗೆ ವಾಪಸ್ ಬರಬೇಕಾದವಳು ದೂರು ಕೊಡುವುದು ಎಷ್ಟು ಕಷ್ಟ ಅಂತ ನಿಮಗೂ ಗೊತ್ತಿದೆ.

ಮೇಲೆ ವಿಜಯಪುರದ ಹೆಣ್ಣುಮಗಳ ಪತ್ರ ಇದೆ, ಇನ್ನೊಮ್ಮೆ ಓದಿ. ಅವಳು "ನನ್ನಿಷ್ಟ" ಅಂತ ಬರೆದಿದ್ದಾಳೆ. ನೀವು "ನಾನೇ ಹೇಳಿದ್ದೇನೆ" ಅಂತ ಬರೆದಿದ್ದೀರಿ. ಅವಳ ಮಾತನ್ನು ಬಸ್ಸಿನಲ್ಲಿ ಯಾರೂ ನಂಬದೆ ಇರುವುದಕ್ಕೆ ನಿಮ್ಮಂಥವರೇ ಕಾರಣ. ಇವತ್ತು ರಾತ್ರಿ ಹೆಂಡತಿಯನ್ನು ಕೂರಿಸಿಕೊಂಡು, ನಿನಗೆ ಬೇಡ ಅನಿಸಿದರೆ ನಾನು ಒಂದು ಮಾತೂ ಆಡಲ್ಲ ಅಂತ ಹೇಳಿ, ಆಮೇಲೆ ಕೇಳಿ. ಮುಂದಿನ ಪತ್ರವನ್ನು ಅವರೇ ಬರೆಯಲಿ.